ಕಡಲನ್ನು ಮನೆಗೆ ತರುವ ಮುನ್ನ

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿದ್ದೆ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮೊದಲ ಸಲ ಕಡಲಿಗೆ ಇಳಿದದ್ದು ಅಲ್ಲೇ. ಬಂಡೆಯ ಮೇಲೆ ಹವಳ, ಅದರ ಸಂದಿಯಲ್ಲಿ ಮೀನು, ಮೀನಿನ ಮೇಲೆ ಅಲುಗಾಡುವ ಬಿಸಿಲು. ಮೇಲೆ ಬಂದ ಮೇಲೂ ಮಾತು ಹೊರಡಲಿಲ್ಲ. ಬೆಂಗಳೂರಿಗೆ ವಾಪಸು ಬರುವಾಗ ಬಸ್ಸಿನಲ್ಲೇ ತೀರ್ಮಾನ ಮಾಡಿದೆ, ಮನೆಯಲ್ಲಿ ಒಂದು ಹವಳದ ತೊಟ್ಟಿ, ಅಂದರೆ ಉಪ್ಪುನೀರಿನಲ್ಲಿ ಹವಳ, ಮೀನು ಸಾಕುವ ಗಾಜಿನ ತೊಟ್ಟಿ, ಕಟ್ಟಬೇಕು ಅಂತ. ಕಟ್ಟಿದ್ದು ಅದಾಗಿ ಎರಡು ವರ್ಷಕ್ಕೆ. ಆ ಎರಡು ವರ್ಷ ಏನು ಮಾಡಿದೆ ಅನ್ನೋದನ್ನೇ ಇವತ್ತು ಹೇಳುತ್ತೇನೆ.

ಕಡಲಿನ ನೀರು ಬೇಗ ಬದಲಾಗುವುದಿಲ್ಲ. ಹವಳಕ್ಕೆ ಬೇಕಾದದ್ದೂ ಅದೇ. ಉಪ್ಪು, ಬಿಸಿ, ಸುಣ್ಣದ ಅಂಶ, ಯಾವುದೂ ದಿಢೀರನೆ ಏರಬಾರದು, ಇಳಿಯಬಾರದು. ನಾವು ಹಾಕುವ ಪ್ರತಿ ಪೈಪು, ಪ್ರತಿ ಪಂಪು, ಪ್ರತಿ ಸ್ವಿಚ್ಚು ನೀರನ್ನು ಹಾಗೆ ಒಂದೇ ಸಮ ಇಡುವುದಕ್ಕೆ. ದೊಡ್ಡ ತೊಟ್ಟಿ ಕಷ್ಟ ಅಂತ ಹೊಸಬರು ಹೆದರುತ್ತಾರೆ. ದುಡ್ಡು ಜಾಸ್ತಿ, ನಿಜ. ಆದರೆ ಐವತ್ತು ಲೀಟರಿನ ತೊಟ್ಟಿಯಲ್ಲಿ ಒಂದು ಮೀನು ಸತ್ತು ಕೊಳೆತರೆ ನೀರೆಲ್ಲ ಕೆಡುತ್ತದೆ. ಎಂಟುನೂರು ಲೀಟರಿನಲ್ಲಿ ಅದು ತಡೆದುಕೊಳ್ಳುತ್ತದೆ, ನಮಗೆ ಸರಿಪಡಿಸಲು ಸಮಯ ಸಿಗುತ್ತದೆ.

ನನ್ನದು ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿ. ಮೊದಲು ಮಾಡಿದ ಕೆಲಸ ಅಂದರೆ ಹಾಲಿನ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಆ ಅಳತೆಯ ಚೌಕ ಬರೆದದ್ದು. ಒಂದು ವಾರ ಹಾಗೇ ಬಿಟ್ಟೆವು. ಮೂರನೇ ದಿನ ನನ್ನ ಹೆಂಡತಿ, "ರೀ, ಇಲ್ಲಿಟ್ಟರೆ ಬಾಲ್ಕನಿ ಬಾಗಿಲು ಪೂರ್ತಿ ತೆರೆಯೋಕೆ ಆಗಲ್ಲ, ನೋಡಿ" ಅಂದಳು. ಸಾಯಂಕಾಲದ ಬಿಸಿಲು ನೇರ ಅದೇ ಚೌಕದ ಮೇಲೆ ಬೀಳುವುದು ಕೂಡ ಆ ವಾರದಲ್ಲೇ ಗೊತ್ತಾಯಿತು. ಬಿಸಿಲು ಬಿದ್ದರೆ ಪಾಚಿ, ಮೇಲಿಂದ ಬಿಸಿ. ಚೌಕ ಅಳಿಸಿ ಎದುರಿನ ಗೋಡೆಗೆ ಹೋದೆವು. ಎಷ್ಟು ದೊಡ್ಡ ತಪ್ಪು ಒಂದು ಹಿಡಿ ಪುಡಿಯಲ್ಲಿ ತಪ್ಪಿತು ಅಲ್ವಾ!

ಈಗ ಭಾರದ ಲೆಕ್ಕ. ಆ ಅಳತೆಗೆ ಸುಮಾರು 850 ಲೀಟರ್ ನೀರು ಹಿಡಿಯುತ್ತದೆ. ಕಡಲ ನೀರು ಲೀಟರಿಗೆ 1.025 ಕೆಜಿ. ಅಲ್ಲಿಗೇ 870 ಕೆಜಿ. ಗಾಜು ನೂರೈವತ್ತು, ಕಲ್ಲು ಮತ್ತು ಮರಳು ಇನ್ನೊಂದು ನೂರು ಚಿಲ್ಲರೆ, ಕಬ್ಬಿಣದ ಸ್ಟ್ಯಾಂಡು, ಕೆಳಗಿನ ಸಂಪಿನ ನೀರು, ಎಲ್ಲಾ ಸೇರಿ ಒಂದು ಟನ್ನು ಸಲೀಸಾಗಿ ದಾಟುತ್ತದೆ. ನಮ್ಮ ದೇಶದ ಕಟ್ಟಡ ಸಂಹಿತೆಯಲ್ಲಿ ಮನೆಯ ಕೋಣೆಗೆ ಹಿಡಿಯುವ ಲೆಕ್ಕ ಚದರ ಮೀಟರಿಗೆ ಹೆಚ್ಚುಕಡಿಮೆ 200 ಕೆಜಿ. ತೊಟ್ಟಿ ನಿಲ್ಲುವ ಜಾಗವೋ ಒಂದೂವರೆ ಚದರ ಮೀಟರೂ ಇಲ್ಲ. ಇದರರ್ಥ ಮಹಡಿ ಬಿದ್ದೇ ಬೀಳುತ್ತದೆ ಅಂತಲ್ಲ. ಭಾರ ಎಲ್ಲಿ ಕೂರುತ್ತದೆ, ಕೆಳಗೆ ತೊಲೆ ಎಲ್ಲಿದೆ, ಯಾವ ಕಡೆಗೆ ಓಡಿದೆ ಅನ್ನೋದು ಮುಖ್ಯ. ನಾನಿರುವುದು ಮೊದಲನೇ ಮಹಡಿ. ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಕರೆಸಿ ನಕ್ಷೆ ತೋರಿಸಿ, ತೊಲೆಗೆ ಅಡ್ಡಲಾಗಿ, ಗೋಡೆಗೆ ಒತ್ತಿ ಇಡುವ ಜಾಗ ಗೊತ್ತು ಮಾಡಿಸಿಕೊಂಡೆ. ನೆಲದ ಮನೆಯಲ್ಲಿದ್ದರೆ ಈ ಚಿಂತೆ ಕಡಿಮೆ. ಮಹಡಿಯಲ್ಲಿದ್ದರೆ ಇದೊಂದನ್ನು ದಯವಿಟ್ಟು ಅಂದಾಜಿನ ಮೇಲೆ ಬಿಡಬೇಡಿ.

ಎತ್ತರ ಎರಡೇ ಅಡಿ ಯಾಕೆ ಅಂತ ಕೇಳುತ್ತಾರೆ. ನನ್ನ ಕೈ ತಳಕ್ಕೆ ಮುಟ್ಟಬೇಕು, ಅದಕ್ಕೆ. ಮೂರು ಅಡಿ ಎತ್ತರ ನೋಡಲು ಚೆಂದ. ಆದರೆ ಮೂಲೆಯಲ್ಲಿ ಬಿದ್ದ ಹವಳದ ತುಂಡನ್ನು ಎತ್ತಲು ತಲೆಯನ್ನೇ ನೀರಿಗೆ ಅದ್ದಬೇಕು. ಎತ್ತರ ಏರಿದಷ್ಟೂ ನೀರಿನ ಒತ್ತಡ ಏರುತ್ತದೆ, ಗಾಜು ದಪ್ಪ ಬೇಕು, ದೀಪವೂ ಜೋರಾಗಿರಬೇಕು. ಎತ್ತರದ ದುಡ್ಡನ್ನು ಅಗಲಕ್ಕೆ ಹಾಕಿ. ಅಗಲ ಇದ್ದರೆ ಕಲ್ಲುಗಳ ಹಿಂದೆ ಒಂದು ಕೈ ಆಡುವಷ್ಟು ಜಾಗ ಬಿಡಬಹುದು, ಹಿಂದಿನ ಗಾಜನ್ನೂ ಉಜ್ಜಬಹುದು.

ಗಾಜಿಗೆ ತೂತು ಕೊರೆಯುವುದಿದ್ದರೆ ಕಾಯಿಸಿ ಗಟ್ಟಿ ಮಾಡಿದ ಟಫನ್ಡ್ ಗಾಜು ಬೇಡ, ಕೊರೆದರೆ ಪುಡಿ ಪುಡಿ. ಸ್ಟ್ಯಾಂಡನ್ನು ಕೂರಿಸಿದ ಮೇಲೆ ರಸಮಟ್ಟ ಇಟ್ಟು ನಾಲ್ಕೂ ಕಡೆ ನೋಡಿ. ನಮ್ಮ ಮನೆಯ ನೆಲ ಆರು ಅಡಿಯಲ್ಲಿ ನಾಲ್ಕು ಮಿಲಿಮೀಟರ್ ವಾಲಿತ್ತು. ಕಣ್ಣಿಗೆ ಕಾಣದ ಆ ವಾಟ ನೀರು ತುಂಬಿದಾಗ ಒಂದು ಮೂಲೆಯ ಬೆಸುಗೆಯ ಮೇಲೆ ಜಗ್ಗುತ್ತದೆ. ಸ್ಟ್ಯಾಂಡಿನ ಕಾಲಡಿ ತಗಡಿನ ಚೂರು ಕೊಟ್ಟು ಸಮ ಮಾಡಿದ ಮೇಲೆಯೇ ತೊಟ್ಟಿ ಏರಿಸಿದ್ದು.

ಇನ್ನು ಸಂಪು. ಬೆಂಗಳೂರಿನವರಿಗೆ ಸಂಪು ಅಂದರೆ ಅಂಗಳದ ನೆಲದಡಿಯ ನೀರಿನ ತೊಟ್ಟಿ. ಹವಳದ ತೊಟ್ಟಿಗೂ ಹಾಗೇ ಕೆಳಗೊಂದು ಸಂಪು ಇರುತ್ತದೆ. ಮೇಲಿನ ನೀರು ಅಂಚಿನ ಮೇಲಿಂದ ಪೈಪಿಗೆ ಬಿದ್ದು ಕೆಳಗೆ ಬರುತ್ತದೆ. ಅಲ್ಲಿ ನೊರೆಯ ಜೊತೆ ಜಿಡ್ಡು, ಕೊಳೆ ತೆಗೆಯುವ ಸ್ಕಿಮ್ಮರ್, ಹೀಟರ್, ಪಂಪು ಎಲ್ಲ ಇರುತ್ತವೆ. ಪಂಪು ನೀರನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಕೇಳಲು ಇಷ್ಟೇ. ಆದರೆ ತೊಟ್ಟಿ ಕಟ್ಟುವವರು ಅತಿ ಹೆಚ್ಚು ತಲೆ ಕೊಡಬೇಕಾದದ್ದು ಇಲ್ಲೇ, ಯಾಕಂದರೆ ಕರೆಂಟು ಹೋಗುತ್ತದೆ.

ಕರೆಂಟು ಹೋದಾಗ ಪಂಪು ನಿಲ್ಲುತ್ತದೆ. ಮೇಲಿನ ನೀರು ಅಂಚಿನ ಮಟ್ಟದವರೆಗೂ ಇಳಿದು ಸಂಪಿಗೆ ಬರುತ್ತದೆ. ಅಷ್ಟೇ ಅಲ್ಲ, ನೀರು ಏರಿಸುತ್ತಿದ್ದ ಪೈಪೇ ಈಗ ಹೀರುಗೊಳವೆಯಾಗಿ ನೀರನ್ನು ಹಿಂದಕ್ಕೆ ಎಳೆಯುತ್ತದೆ. ಅದರ ಬಾಯಿ ನೀರಿನ ಎಷ್ಟು ಕೆಳಗಿದೆಯೋ ಅಷ್ಟರವರೆಗೂ ಎಳೆಯುತ್ತದೆ. ನನ್ನ ತೊಟ್ಟಿಯಲ್ಲಿ ನೀರಿನ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ ಹದಿನಾಲ್ಕು ಲೀಟರ್. ಇದನ್ನು ತಡೆಯಲು ಪೈಪಿಗೆ ನೀರಿನ ಮಟ್ಟದ ಸ್ವಲ್ಪ ಕೆಳಗೆ ಒಂದು ಸಣ್ಣ ತೂತು ಕೊರೆಯುತ್ತಾರೆ. ನೀರು ತೂತಿಗಿಂತ ಕೆಳಗೆ ಬಂದ ಕೂಡಲೇ ಗಾಳಿ ನುಗ್ಗಿ ಎಳೆತ ನಿಲ್ಲುತ್ತದೆ. ನಾನೂ ಕೊರೆದಿದ್ದೆ. ಒಂದೇ ತೂತು.

ಮೊದಲ ವರ್ಷದ ಒಂದು ಮಳೆಗಾಲದ ರಾತ್ರಿ ಕರೆಂಟು ಹೋಯಿತು. ತೂತಿನ ಮೇಲೆ ಒಂದು ಬಸವನಹುಳು ಕೂತಿತ್ತು. ಪೈಪಿನ ಬಾಯಿ ಹತ್ತು ಸೆಂಟಿಮೀಟರ್ ಕೆಳಗಿತ್ತು. ನೀವೇ ಲೆಕ್ಕ ಹಾಕಿ, ನೂರನಲವತ್ತು ಲೀಟರ್. ಸಂಪಿನಲ್ಲಿ ಖಾಲಿ ಇದ್ದದ್ದು ಐವತ್ತು. ಉಳಿದದ್ದು ನೆಲಕ್ಕೆ. ಬೆಳಿಗ್ಗೆ ಕೆಳಗಿನ ಮನೆಯ ಅಜ್ಜಿ ಮೇಲೆ ಬಂದು, "ಏನಪ್ಪಾ, ನಮ್ಮನೆ ಸೂರು ಸೋರ್ತಾ ಇದೆ" ಅಂದಾಗಲೇ ನಮಗೆ ಎಚ್ಚರ. ಅವರ ಗೋಡೆಗೆ ಬಣ್ಣ ಹೊಡೆಸಿಕೊಟ್ಟೆ. ಆಮೇಲೆ ಪೈಪಿನ ಬಾಯಿಯನ್ನು ನೀರಿನ ಮೇಲ್ಮಟ್ಟಕ್ಕೆ ಎತ್ತಿದೆ, ಎರಡನೇ ತೂತು ಕೊರೆದೆ, ಸಂಪನ್ನು ದೊಡ್ಡದು ಮಾಡಿಸಿದೆ. ಈಗ ತಿಂಗಳಿಗೊಮ್ಮೆ ನಾನೇ ಪಂಪಿನ ಸ್ವಿಚ್ ಆಫ್ ಮಾಡಿ ನಿಂತು ನೋಡುತ್ತೇನೆ. ಪಂಪು ಓಡುವಾಗ ನೀರು ಇದಕ್ಕಿಂತ ಮೇಲಿರಬಾರದು ಅಂತ ಸಂಪಿನ ಗಾಜಿಗೆ ಮಾರ್ಕರ್‌ನಲ್ಲಿ ಗೆರೆ ಎಳೆದಿದ್ದೇನೆ. ನೀವು ಮೀನು ಬಿಡುವ ಮೊದಲೇ, ಬರೀ ನೀರಿನಲ್ಲಿ, ಈ ಪರೀಕ್ಷೆಯನ್ನು ಹತ್ತು ಸಲ ಮಾಡಿ.

ಉಪ್ಪು ನೀರು, ಕರೆಂಟು ಪಕ್ಕ ಪಕ್ಕ ಇರುವ ಜಾಗ ಇದು. ತೊಟ್ಟಿಯ ಲೈನಿಗೆ, ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ವೈರು ಪ್ಲಗ್ಗಿಗೆ ಹೋಗುವ ಮೊದಲು ಒಮ್ಮೆ ಕೆಳಗೆ ಜೋತು ಮೇಲೇರಲಿ. ಹನಿ ಅಲ್ಲೇ ಉದುರುತ್ತದೆ, ಪ್ಲಗ್ಗಿಗೆ ಇಳಿಯುವುದಿಲ್ಲ. ಇನ್ವರ್ಟರ್ ಇದ್ದರೆ ಎಲ್ಲವನ್ನೂ ಅದಕ್ಕೆ ಕೊಡಬೇಡಿ, ಅಲೆ ಎಬ್ಬಿಸುವ ಒಂದು ಪಂಪು ಸಾಕು. ನೀರಿನ ಮೇಲ್ಮೈ ಅಲುಗುತ್ತಿದ್ದರೆ ಆಮ್ಲಜನಕ ಸಿಗುತ್ತದೆ, ಜೀವ ಉಳಿಯುತ್ತದೆ.

ನೀರಿನ ವಿಷಯ. ಬೋರ್‌ವೆಲ್ ನೀರಾಗಲಿ, ಕಾವೇರಿ ನೀರಾಗಲಿ ನೇರ ಹಾಕುವಂತಿಲ್ಲ. ಆರ್‌ಒ ದಾಟಿ, ಆಮೇಲೆ ಉಳಿದ ಲವಣವನ್ನೂ ಹೀರುವ ಡಿಐ ರಾಳದ ಮೂಲಕ ಹಾದು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಅದಕ್ಕೆ ಲೀಟರಿಗೆ ಸುಮಾರು 36 ಗ್ರಾಂನಂತೆ ಹವಳದ ತೊಟ್ಟಿಗೆಂದೇ ಮಾಡಿದ ಉಪ್ಪು. ಅಡಿಗೆ ಉಪ್ಪಲ್ಲ. ಆರ್‌ಒ ಒಂದು ಲೀಟರ್ ಕೊಟ್ಟರೆ ಮೂರು ನಾಲ್ಕು ಲೀಟರ್ ಹೊರಗೆ ಬಿಡುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಜನ ಟ್ಯಾಂಕರಿಗೆ ಕಾದದ್ದು ನಿಮಗೆಲ್ಲ ನೆನಪಿದೆ. ಆ ನೀರನ್ನು ಚರಂಡಿಗೆ ಬಿಡಲು ನನಗೆ ಮನಸ್ಸು ಒಪ್ಪುವುದಿಲ್ಲ. ನಮ್ಮನೆಯಲ್ಲಿ ಅದು ಡ್ರಮ್ಮಿಗೆ ಹೋಗುತ್ತದೆ. ನೆಲ ಒರೆಸಲು, ಶೌಚಕ್ಕೆ, ಬಟ್ಟೆಯ ಮೊದಲ ನೀರಿಗೆ ಅದೇ. ಡ್ರಮ್ಮಿಗೆ ಜಾಗ ಇಲ್ಲದಿದ್ದರೆ ತೊಟ್ಟಿಗೂ ಜಾಗ ಇಲ್ಲ ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ತೊಟ್ಟಿಯಿಂದ ದಿನಾ ನೀರು ಆರುತ್ತದೆ. ಆರುವುದು ಬರೀ ನೀರು, ಉಪ್ಪು ಒಳಗೇ ಉಳಿಯುತ್ತದೆ. ಹಾಗಾಗಿ ಮತ್ತೆ ತುಂಬಿಸುವುದು ಉಪ್ಪು ಬೆರೆಸದ ಆ ಶುದ್ಧ ನೀರನ್ನೇ. ಮಟ್ಟ ಇಳಿದಾಗ ತಾನೇ ತುಂಬುವ ಸೆನ್ಸರ್ ಇಟ್ಟರೆ ಉಪ್ಪಿನ ಸಾಂದ್ರತೆ ಒಂದೇ ಸಮ ಇರುತ್ತದೆ. ಈ ಆರುವಿಕೆಯಿಂದ ಒಂದು ಉಪಕಾರವೂ ಇದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುತ್ತದಲ್ಲ, ಅದೇ ಇಲ್ಲೂ ನಡೆಯುತ್ತದೆ. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಬೆಂಗಳೂರಿನ ಮಾರ್ಚ್, ಏಪ್ರಿಲ್‌ನ ಒಣ ಗಾಳಿಯಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಮಗೆ ಬೇಕಾದದ್ದು 25, 26 ಡಿಗ್ರಿ. ಮಂಗಳೂರಿನವರಿಗೆ ಈ ಉಪಾಯ ಅಷ್ಟಾಗಿ ನಡೆಯದು, ಅಲ್ಲಿ ಗಾಳಿಯೇ ಒದ್ದೆ. ನೀರು ತಣಿಸುವ ಯಂತ್ರ, ಚಿಲ್ಲರ್, ಬೇಕೇ ಬೇಕು.

ನೀರು ತುಂಬಿತು, ಕಲ್ಲು ಕೂರಿಸಿದ್ದಾಯಿತು. ಹಾಂ, ಕಲ್ಲು ಮೊದಲು, ಮರಳು ಆಮೇಲೆ. ಮರಳಿನ ಮೇಲೆ ಕಲ್ಲು ಇಟ್ಟರೆ ಬಿಲ ತೋಡುವ ಮೀನು ಅಡಿಯನ್ನೇ ಸಡಿಲಿಸಿ ಕಲ್ಲು ಉರುಳಿಸುತ್ತದೆ. ಇನ್ನು ಮೀನು ತರಬಹುದಾ? ಇಲ್ಲ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡಲು ಒಂದು ಬಗೆಯ ಬ್ಯಾಕ್ಟೀರಿಯಾ, ಅದನ್ನು ನೈಟ್ರೇಟ್ ಮಾಡಲು ಇನ್ನೊಂದು ಬಗೆಯದು ಕಲ್ಲಿನ ರಂಧ್ರಗಳಲ್ಲಿ ನೆಲೆಸಬೇಕು. ಅದಕ್ಕೆ ನಾಲ್ಕರಿಂದ ಆರು ವಾರ. ಜಕಾರ್ತದಲ್ಲಿ ಕಡಲ ಮೀನು ಸಾಕುತ್ತಿದ್ದ ಲೀ ಚಿನ್ ಎಂಗ್ 1961ರಲ್ಲಿ ಬರೆದದ್ದೂ ಕಲ್ಲಿನ ಈ ಶಕ್ತಿಯ ಬಗ್ಗೆಯೇ. ಯಂತ್ರ ಇಲ್ಲದೆ, ಕಡಲ ಕಲ್ಲು, ಗಾಳಿಯ ಗುಳ್ಳೆ, ಬಿಸಿಲು ಇಷ್ಟರಲ್ಲೇ ಅವರು ಹವಳ ಸಾಕಿದ್ದರು. ನಾವು ಕಡಲ ಕಲ್ಲು ಕಿತ್ತು ತರುವುದು ಬೇಡ. ಒಣ ಕಲ್ಲಿಗೆ ಬಾಟಲಿಯ ಬ್ಯಾಕ್ಟೀರಿಯಾ ಹಾಕಿ ಕಾಯೋಣ. ಆಮೇಲೆ ಕಂದು ಪಾಚಿ ಬರುತ್ತದೆ, ಹಸಿರು ಪಾಚಿ ಬರುತ್ತದೆ. ಎಷ್ಟೋ ಜನ ಇಲ್ಲೇ ಬೇಸತ್ತು ಕೈಬಿಡುತ್ತಾರೆ. ತೊಟ್ಟಿ ಕೆಟ್ಟಿಲ್ಲ, ಬಲಿಯುತ್ತಿದೆ.

ಈಗ ಮನಸ್ಸಿಗೆ ತುಂಬಾ ಹತ್ತಿರದ ಮಾತು. ಅಮೆರಿಕದಲ್ಲಿರುವ ನನ್ನ ತಮ್ಮನ ತೊಟ್ಟಿಯಲ್ಲಿ ಕವಲು ಕವಲಾದ ಗಟ್ಟಿ ಹವಳಗಳಿವೆ, ಅಲ್ಲಿ ಸಾಕಣೆಯ ತುಂಡುಗಳನ್ನು ಮಾರುತ್ತಾರೆ. ಗಟ್ಟಿ ಹವಳ ಎಲುಬು ಕಟ್ಟಲು ಸುಣ್ಣ ಹೀರುತ್ತದೆ. ಅದಕ್ಕೆ ಅವನು ರಾತ್ರಿ ಹೊತ್ತು ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ತಿಳಿನೀರನ್ನು ಹನಿ ಹನಿಯಾಗಿ ಬಿಡುತ್ತಾನೆ. ನಮ್ಮ ಅಜ್ಜಿಯ ಕಾಲದ ಸುಣ್ಣದ ತಿಳಿಯೇ. ಇಲ್ಲಿ ನಮಗೆ ಆ ದಾರಿ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲಾ ಗಟ್ಟಿ ಹವಳ, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ ಎಲ್ಲವನ್ನೂ ಸೇರಿಸಿದರು. ಹುಲಿ ಇರುವ ಪಟ್ಟಿ ಅದು. ಯಾರಾದರೂ "ಸರ್, ರಾಮೇಶ್ವರದ ಕಡೆಯಿಂದ ತಂದದ್ದು, ಸುಮ್ನೆ ತಗೊಳ್ಳಿ" ಅಂದರೆ ಆ ಅಂಗಡಿಯಿಂದ ಎದ್ದು ಬನ್ನಿ. ನೇತ್ರಾಣಿಯಲ್ಲಿ ನಾನು ಕಂಡದ್ದು ಅಲ್ಲೇ ಇರಬೇಕು. ನನ್ನ ತೊಟ್ಟಿಯಲ್ಲಿರುವುದು ಅಣಬೆ ಹವಳ, ಚರ್ಮದಂಥ ಮೆತ್ತನೆ ಹವಳ, ಗುಂಡಿ ಗುಂಡಿಯಾದ ಜೊಯಾಂಥಿಡ್, ಎಲ್ಲಕ್ಕೂ ಬಿಲ್ಲು, ಕಾಗದ ಇಟ್ಟುಕೊಂಡಿದ್ದೇನೆ. ಜೊಯಾಂಥಿಡ್ ಜಾತಿಯ ಕೆಲವದರಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಾರಿ ವಿಷ ಇರುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಕತ್ತರಿಸಬೇಡಿ. ಅದಿರುವ ಕಲ್ಲನ್ನು ಯಾವತ್ತೂ ಕುದಿಸಬೇಡಿ. ಆವಿಯೇ ಅಪಾಯ.

ಮೀನಿಗೂ ಇದೇ ಮಾತು. ಕೋಡಂಗಿ ಮೀನು, ಅಂದರೆ ಕ್ಲೌನ್‌ಫಿಶ್, ಹ್ಯಾಚರಿಯಲ್ಲೇ ಮರಿಯಾಗುತ್ತದೆ. ನಮ್ಮ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಅದನ್ನು ಮರಿ ಮಾಡಿಸುವ ಬಗೆ ಕಂಡುಕೊಂಡಿದ್ದಾರೆ. ಹಾಗೆ ಹುಟ್ಟಿದ್ದನ್ನೇ ಕೇಳಿ ತನ್ನಿ. ಯಾವ ಮೀನಾದರೂ ಬೇರೆ ಸಣ್ಣ ತೊಟ್ಟಿಯಲ್ಲಿ ಕೆಲವು ವಾರ ಇಟ್ಟು ನೋಡಿ. ಬಿಳಿ ಚುಕ್ಕೆ ರೋಗ ದೊಡ್ಡ ತೊಟ್ಟಿಗೆ ಹೊಕ್ಕರೆ ಎಲ್ಲಾ ಮೀನು ಹೊರತೆಗೆದು ಎರಡೂವರೆ ತಿಂಗಳು ತೊಟ್ಟಿಯನ್ನು ಮೀನಿಲ್ಲದೆ ಬಿಡಬೇಕು.

ನನ್ನ ತೊಟ್ಟಿಯ ಕೋಡಂಗಿ ಮೀನಿನ ಜೋಡಿ ಹೋದ ತಿಂಗಳು ಕಲ್ಲಿನ ಒಂದು ಮೂಲೆಯನ್ನು ಬಾಯಲ್ಲಿ ಕಚ್ಚಿ ಕಚ್ಚಿ ಸ್ವಚ್ಛ ಮಾಡಿತು. ಮೂರನೇ ದಿನ ಅಲ್ಲಿ ಕಿತ್ತಳೆ ಬಣ್ಣದ ಮೊಟ್ಟೆಗಳು, ಸಾಸಿವೆ ಹರಡಿದ ಹಾಗೆ. ಗಂಡು ಹಗಲೆಲ್ಲ ರೆಕ್ಕೆಯಲ್ಲಿ ಬೀಸುತ್ತಾ ಕಾವಲು ನಿಂತಿತ್ತು. ಕೆಳಗಿನ ಮನೆಯ ಅಜ್ಜಿಯನ್ನು ಕರೆದು ತೋರಿಸಿದೆ. ಕುರ್ಚಿ ಎಳೆದುಕೊಂಡು ಅರ್ಧ ಗಂಟೆ ಕೂತರು.

ಆ ಎರಡು ತೂತಿನ ಪೈಪು, ಟಿಡಿಎಸ್ ಮೀಟರ್, ಒಣ ಕಲ್ಲಿನ ಒಂದು ತುಂಡು ಇಲ್ಲಿ ಮೇಜಿನ ಮೇಲಿವೆ. ಹತ್ತಿರ ಬನ್ನಿ, ಕೈಯಲ್ಲಿ ಹಿಡಿದು ನೋಡಿ. ನಿಮ್ಮ ಮನೆಯ ನಕ್ಷೆ ತಂದವರಿದ್ದರೆ ಅದನ್ನೂ ಬಿಚ್ಚಿ, ತೊಲೆ ಎಲ್ಲಿದೆ ಅಂತ ಒಟ್ಟಿಗೆ ನೋಡೋಣ.