ಫಾಂತಾಂ-ಲಾತೂರ್: ಹೂವಿನ ಭಾವಚಿತ್ರಕಾರ

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪದದ ತಕರಾರು ಮುಗಿಸಿಬಿಡೋಣ. ‘ಸ್ಟಿಲ್ ಲೈಫ್’ಗೆ ನಮ್ಮಲ್ಲಿ ‘ಸ್ತಬ್ಧಚಿತ್ರ’ ಎಂದು ಬರೆಯುವವರಿದ್ದಾರೆ. ಹಾಗೆಂದ ಕೂಡಲೇ ಕಣ್ಣೆದುರು ಬರುವುದು ದಸರಾ ಮೆರವಣಿಗೆ! ಹಾಗಾಗಿ ಇವತ್ತು ಸ್ಟಿಲ್ ಲೈಫ್ ಎಂದೇ ಕರೆಯುತ್ತೇನೆ. ಒಂದು ಮೇಜು, ಅದರ ಮೇಲೆ ಗಾಜಿನ ಲೋಟ, ಲೋಟದಲ್ಲಿ ನಾಲ್ಕು ಗುಲಾಬಿ, ಅಷ್ಟೇ.

ಆ ನಾಲ್ಕು ಗುಲಾಬಿಯಿಂದ ಹೊಟ್ಟೆಪಾಡು ನಡೆಸಿದವನು ಫ್ರಾನ್ಸಿನ ಆಂರಿ ಫಾಂತಾಂ-ಲಾತೂರ್. ಹುಟ್ಟಿದ್ದು 1836ರಲ್ಲಿ, ಗ್ರೆನೋಬಲ್‌ನಲ್ಲಿ. ಅಪ್ಪನೂ ಭಾವಚಿತ್ರಕಾರ, ಮೊದಲ ಪಾಠ ಮನೆಯಲ್ಲೇ. 1841ರಲ್ಲಿ ಕುಟುಂಬ ಪ್ಯಾರಿಸ್‌ಗೆ ಬಂತು. ಅಲ್ಲಿ ಸಿಕ್ಕ ಗುರು ಲಕೋಕ್ ದ ಬ್ವಾಬೋದ್ರಾನ್. ಇವನ ಪಾಠದ ಕ್ರಮವೇ ಬೇರೆ: ವಸ್ತುವನ್ನು ಚೆನ್ನಾಗಿ ನೋಡು, ಅಳತೆಗಳನ್ನು ಮನಸ್ಸಿನಲ್ಲಿ ಇಟ್ಟುಕೋ, ಆಮೇಲೆ ಅದು ಎದುರಿಗಿಲ್ಲದಾಗ ಬರೆ. ಶಿಲ್ಪಿ ರೊದಾಂ ಕೂಡ ಇದೇ ಗುರುವಿನ ಕೈಯಲ್ಲಿ ಪಳಗಿದವನು. ಹೂವು ಬರೆಯುವವನಿಗೆ ಈ ಅಭ್ಯಾಸ ಎಷ್ಟು ಬೇಕು ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ಉಳಿದ ವಿದ್ಯೆಯೆಲ್ಲ ಲೂವ್ರ್ ಮ್ಯೂಸಿಯಂನಲ್ಲಿ, ಹಳೆಯ ಕಲಾವಿದರ ಚಿತ್ರಗಳನ್ನು ನಕಲು ಮಾಡುತ್ತಾ ಬಂದದ್ದು. ನಕಲು ಮಾರಿದರೆ ಕಾಸೂ ಬರುತ್ತಿತ್ತು. 1858ರಲ್ಲಿ ಅಮೆರಿಕದ ಚಿತ್ರಕಾರ ವಿಸ್ಲರ್ ಪರಿಚಯವಾದದ್ದು ಅಲ್ಲೇ, ಚಿತ್ರಕಲಾವಿದೆ ಬರ್ತ್ ಮೊರಿಸೋಳನ್ನು ಇವನು ಚಿತ್ರಕಾರ ಎದುವಾರ್ ಮಾನೆಗೆ ಪರಿಚಯಿಸಿದ್ದೂ ಅಲ್ಲೇ, ಮುಂದೆ ಹೆಂಡತಿಯಾದ ವಿಕ್ಟೋರಿಯಾ ದ್ಯುಬೂರ್ ಸಿಕ್ಕಿದ್ದೂ ಅಲ್ಲೇ. ಆಕೆ ಸ್ವತಃ ಒಳ್ಳೆಯ ಸ್ಟಿಲ್ ಲೈಫ್ ಕಲಾವಿದೆ. ‘ಫಾಂತಾಂನ ಹೆಂಡತಿ’ ಎಂಬ ಒಂದೇ ಮಾತಿನಲ್ಲಿ ಆಕೆಯನ್ನು ಮುಗಿಸುವುದು ಅನ್ಯಾಯ.

1859ರಲ್ಲಿ ಪ್ಯಾರಿಸ್‌ನ ಸಲೋನ್ ಎಂಬ ಸರ್ಕಾರಿ ಕಲಾಪ್ರದರ್ಶನ ಅವನ ಚಿತ್ರಗಳನ್ನು ತಿರಸ್ಕರಿಸಿತು. ಅದೇ ವರ್ಷ ವಿಸ್ಲರ್ ಅವನನ್ನು ಲಂಡನ್‌ಗೆ ಕರೆದೊಯ್ದ. ಮುಂದೆ ಅಲ್ಲಿ ಕಲಾವಿದ ಎಡ್ವಿನ್ ಎಡ್ವರ್ಡ್ಸ್ ಮತ್ತು ಅವನ ಹೆಂಡತಿ ರೂತ್ ಸ್ನೇಹಿತರಾದರು. ಹೂವಿನ ಚಿತ್ರಗಳಿಗೆ ಇಂಗ್ಲೆಂಡ್‌ನಲ್ಲಿ ಗಿರಾಕಿ ಹುಡುಕಿಕೊಟ್ಟವರು ಇವರೇ. ವಿಚಿತ್ರವೆಂದರೆ, ಇಂಗ್ಲೆಂಡ್‌ನ ಮನೆಗಳ ಗೋಡೆ ಏರಿದ ಈ ಹೂವುಗಳನ್ನು ಅವನು ಬದುಕಿದ್ದಾಗ ಫ್ರಾನ್ಸಿನವರು ನೋಡಿದ್ದೇ ಅಪರೂಪ.

ಈಗ ಕೆಲಸದ ವಿಷಯ. ಅವನ ಗುಲಾಬಿ ಚಿತ್ರದ ಹತ್ತಿರ ನಿಂತು ಹೂವನ್ನು ಬಿಟ್ಟು ಹಿನ್ನೆಲೆ ನೋಡಿ. ಬೂದು, ಕಂದು ಸೇರಿದ ತೆಳು ಲೇಪ. ಕೆಲವೆಡೆ ಉಜ್ಜಿ, ಕೆರೆದು, ಕ್ಯಾನ್ವಾಸಿನ ನೇಯ್ಗೆ ಇಣುಕುವಂತೆ ಬಿಟ್ಟಿದ್ದಾನೆ. ಎಸಳುಗಳ ಮೇಲೆ ಮಾತ್ರ ಬಣ್ಣ ದಪ್ಪ. ತೆಳುವಾದದ್ದು ಹಿಂದೆ ಸರಿಯುತ್ತದೆ, ದಪ್ಪದ್ದು ಬೆಳಕು ಹಿಡಿದು ಮುಂದೆ ಬರುತ್ತದೆ. ಹೊಸಬರು ತಪ್ಪುವುದು ಇಲ್ಲೇ. ಹೂವು ಮುಗಿಸಿ ಕೊನೆಯಲ್ಲಿ ಸುತ್ತ ಹಿನ್ನೆಲೆ ತುಂಬುತ್ತಾರೆ. ಎಸಳಿನ ಅಂಚು ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದಂತಾಗುತ್ತದೆ. ಹಿನ್ನೆಲೆ ಪೂರಾ ಹಸಿಯಿದ್ದರೆ ಇನ್ನೊಂದು ಕಷ್ಟ: ಬೂದು ಬಣ್ಣ ಬಿಳಿಗೆ ಹತ್ತಿ ಎಸಳು ಕೆಸರಾಗುತ್ತದೆ. ತಳಪದರದಲ್ಲಿ ಎಣ್ಣೆ ಹೆಚ್ಚಾದರೆ ಮೇಲಿನದು ಮೊದಲು ಒಣಗಿ, ವರ್ಷಗಳ ಮೇಲೆ ಬಿರುಕು ಬಿಡುತ್ತದೆ.

ಬಿಳಿ ಗುಲಾಬಿಯಲ್ಲಿ ಬಿಳಿ ಬಹಳ ಕಡಿಮೆ. ನೆರಳಿನಲ್ಲಿ ಹಸಿರು ಮಿಶ್ರಿತ ಬೂದು, ಒಡಲಲ್ಲಿ ಬೆಣ್ಣೆಯ ಹಳದಿ. ಅಪ್ಪಟ ಬಿಳಿ ಬೆಳಕು ತಾಗಿದ ಒಂದೆರಡು ಮಡಿಕೆಯಲ್ಲಷ್ಟೇ. ಅದನ್ನು ಮೊದಲೇ ಖರ್ಚು ಮಾಡಿದವನ ಕೈಯಲ್ಲಿ ಕೊನೆಗೆ ಏನೂ ಉಳಿಯುವುದಿಲ್ಲ. ಜೊತೆಗೆ ಹೂವು ಕಾಯುವುದಿಲ್ಲ. ಪೂರ್ತಿ ಅರಳಿದ ಗುಲಾಬಿ ಕೋಣೆಯ ಬಿಸಿಗೆ ಕೆಲವೇ ಗಂಟೆಗಳಲ್ಲಿ ಎಸಳು ಬಿಡುತ್ತದೆ, ಮೊಗ್ಗು ಬಾಯಿಬಿಡುತ್ತದೆ. ಗುರು ಕಲಿಸಿದ ನೆನಪಿನ ಪಾಠ ಕೈಹಿಡಿಯುವುದು ಆಗಲೇ. ಮದುವೆಯಾದ ಮೇಲೆ ಬೇಸಿಗೆಗಳನ್ನು ನಾರ್ಮಂಡಿಯ ಬ್ಯುರೇ ಎಂಬ ಊರಲ್ಲಿ, ಹೆಂಡತಿಯ ಕಡೆಯವರ ಮನೆಯಲ್ಲಿ ಕಳೆಯುತ್ತಿದ್ದುದರಿಂದ ಹೂವು ತೋಟದಲ್ಲೇ ಸಿಗುತ್ತಿತ್ತು. 1904ರಲ್ಲಿ ತೀರಿಕೊಂಡದ್ದೂ ಅಲ್ಲೇ.

ಅವನು ದೊಡ್ಡ ಆಸೆ ಇಟ್ಟುಕೊಂಡಿದ್ದು ಹೂವಿನ ಮೇಲಲ್ಲ, ಗುಂಪು ಭಾವಚಿತ್ರಗಳ ಮೇಲೆ. 1864ರಲ್ಲಿ, ಹಿರಿಯ ಚಿತ್ರಕಾರ ದೆಲಕ್ರ್ವಾನ ನೆನಪಿಗೆ, ‘ದೆಲಕ್ರ್ವಾಗೆ ನಮನ’ ಬರೆದ. ಅದರಲ್ಲಿ ಮಾನೆ, ಕವಿ ಬೋದಲೇರ್, ವಿಸ್ಲರ್ ಇದ್ದಾರೆ. ಬಿಳಿ ಅಂಗಿ ತೊಟ್ಟು ಪ್ಯಾಲೆಟ್ ಹಿಡಿದವನು ಸ್ವತಃ ಫಾಂತಾಂ. ಮರುವರ್ಷದ ‘ಸತ್ಯಕ್ಕೆ ನಮನ’ದಲ್ಲಿ ಗೆಳೆಯರ ನಡುವೆ ಸತ್ಯದೇವತೆಯನ್ನೂ ತಂದು ನಿಲ್ಲಿಸಿದ. ವಿಮರ್ಶಕರು ಹರಿಹಾಯ್ದರು, ಅವನೇ ಚಿತ್ರವನ್ನು ಕತ್ತರಿಸಿಹಾಕಿ ಕೆಲವು ತಲೆಗಳನ್ನಷ್ಟೇ ಉಳಿಸಿಕೊಂಡ. ನನ್ನನ್ನು ಕೇಳಿದರೆ ತಪ್ಪು ಅವನದೇ: ಎದುರಿಗೆ ಕೂತ ಮನುಷ್ಯನನ್ನು ಅಷ್ಟು ನಿಜವಾಗಿ ಬರೆಯುವ ಕೈಗೆ ರೂಪಕ ಒಗ್ಗುವುದಿಲ್ಲ. 1867ರ ಮಾನೆಯ ಭಾವಚಿತ್ರ ನೋಡಿ. ಪತ್ರಿಕೆಗಳು ಪುಂಡನೆಂದು ಬಿಂಬಿಸಿದ್ದ ಕಲಾವಿದ ಇಲ್ಲಿ ಉದ್ದ ಟೋಪಿ, ಕೈಗವಸು ತೊಟ್ಟು ಮರ್ಯಾದಸ್ಥನಾಗಿ ನಿಂತಿದ್ದಾನೆ. ಹಿಂದೆ ಅದೇ ಖಾಲಿ ಬೂದು ಗೋಡೆ, ಗುಲಾಬಿಗೆ ಕೊಟ್ಟದ್ದೇ.

1872ರ ‘ಮೇಜಿನ ಮೂಲೆ’ ಕವಿಗಳ ಗುಂಪು ಚಿತ್ರ. ಎಡಕ್ಕೆ ವರ್ಲೇನ್, ಪಕ್ಕದಲ್ಲಿ ಗಲ್ಲಕ್ಕೆ ಕೈಯೂರಿದ 17ರ ಹುಡುಗ ರ‍್ಯಾಂಬೋ. ಅಲ್ಬೇರ್ ಮೆರಾ ಎಂಬ ಕವಿಯೂ ಇರಬೇಕಿತ್ತು. ಈ ಇಬ್ಬರ ಜೊತೆ ನಾನು ಕೂರುವುದಿಲ್ಲ ಎಂದುಬಿಟ್ಟ. ಬಲತುದಿಯಲ್ಲಿ ಜಾಗ ಖಾಲಿ ಉಳಿಯಿತು. ಫಾಂತಾಂ ಬೇರೆ ಯಾರನ್ನೂ ಕರೆಯಲಿಲ್ಲ. ಅಲ್ಲೊಂದು ಹೂಕುಂಡ ಬರೆದ. ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿ ಇವತ್ತಿಗೂ ಎಂಟು ಜನ ಗಂಡಸರು, ಒಂಬತ್ತನೆಯದಾಗಿ ಆ ಹೂವು.