ನಾವು ಜಪಾನಿನ ಪ್ರಜೆಗಳಲ್ಲ ಎಂದ ಕೂಲಿಗಳು

ನಮಸ್ಕಾರ. 1913ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಹೆಮೆಟ್ ಎಂಬ ಊರಿಗೆ ಏಪ್ರಿಕಾಟ್ ಹಣ್ಣು ಕೀಳುವ ಕೂಲಿಗೆಂದು ಬಂದ ಕೆಲವು ಕೊರಿಯನ್ನರನ್ನು, ಜಪಾನೀಯರೆಂದು ಭಾವಿಸಿದ ಬಿಳಿಯರ ಗುಂಪೊಂದು ಬೆದರಿಸಿ ಓಡಿಸಿತು. ಅವರಿಗೆ ಪರಿಹಾರ ಕೊಡಿಸಲು ಜಪಾನಿನ ರಾಯಭಾರ ಕಚೇರಿ ಮುಂದೆ ಬಂದಿತು. 1910ರಲ್ಲಿ ಕೊರಿಯಾವನ್ನು ನುಂಗಿದ್ದ ಜಪಾನಿನ ಲೆಕ್ಕದಲ್ಲಿ ಅವರೆಲ್ಲ ಅದರ ಪ್ರಜೆಗಳೇ ಆಗಿದ್ದರು. ಆದರೆ ಅಮೆರಿಕದಲ್ಲಿದ್ದ ಕೊರಿಯನ್ನರು ಕಟ್ಟಿಕೊಂಡಿದ್ದ ಕೊರಿಯನ್ ರಾಷ್ಟ್ರೀಯ ಸಂಘದ ಡೇವಿಡ್ ಲೀ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಅವರಿಗೆ ತಂತಿ ಕಳುಹಿಸಿ, ತಾವು ದೇಶ ಜಪಾನಿನ ಕೈಸೇರುವ ಮೊದಲೇ ಹೊರಟು ಬಂದವರು, ತಮ್ಮನ್ನು ಜಪಾನೀಯರೆಂದು ಎಣಿಸಕೂಡದು ಎಂದು ತಿಳಿಸಿದರು. ಬ್ರಯಾನ್ ಅದನ್ನು ಒಪ್ಪಿ, ಕೊರಿಯನ್ನರ ವಿಷಯವನ್ನು ಅವರ ಸಂಘದೊಂದಿಗೇ ಮಾತನಾಡುವುದಾಗಿ ಹೇಳಿದರು.

ಪರದೇಶದಲ್ಲಿ ನಡೆದ ಕೊರಿಯಾ ಸ್ವಾತಂತ್ರ್ಯ ಹೋರಾಟದಲ್ಲಿ ಇದಕ್ಕಿಂತ ದೊಡ್ಡ ಗೆಲುವು ಮತ್ತೊಂದಿಲ್ಲವೆಂದು ನಾನು ನಂಬಿದ್ದೇನೆ. ಕೈಗೆ ಬರಬಹುದಾಗಿದ್ದ ಹಣವನ್ನು ಬೇಡವೆಂದವರು ಸಿರಿವಂತರಲ್ಲ, ದಿನಗೂಲಿಯವರು.

1903ರಿಂದ 1905ರವರೆಗೆ ಸುಮಾರು 7,000 ಕೊರಿಯನ್ನರು ಹವಾಯಿಯ ಕಬ್ಬಿನ ತೋಟಗಳಿಗೆ ದುಡಿಯಲು ಹೋದರು. ದಿನಕ್ಕೆ ಒಂದು ಡಾಲರ್ ಕೂಡ ಹುಟ್ಟದ ಆ ದುಡಿಮೆಯಲ್ಲೇ ಉಳಿಸಿ ಅವರು ಸಂಘಕ್ಕೆ ವಂತಿಗೆ ಕೊಟ್ಟರು, ಪತ್ರಿಕೆಗಳನ್ನು ನಡೆಸಿದರು, 1919ರಲ್ಲಿ ಶಾಂಘೈನಲ್ಲಿ ಸ್ಥಾಪನೆಯಾದ ಕೊರಿಯಾದ ತಾತ್ಕಾಲಿಕ ಸರ್ಕಾರಕ್ಕೆ ಹಣ ಕಳುಹಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಭತ್ತ ಬೆಳೆದು ಶ್ರೀಮಂತರಾದ ಕಿಮ್ ಜಾಂಗ್‌ಲಿಮ್ 1920ರಲ್ಲಿ ವಿಲ್ಲೋಸ್ ಎಂಬಲ್ಲಿ ಜಪಾನಿನ ವಿರುದ್ಧ ಹೋರಾಡಲೆಂದು ಕೊರಿಯನ್ ತರುಣರಿಗೆ ವಿಮಾನ ಹಾರಿಸಲು ಕಲಿಸುವ ಶಾಲೆಗೆ ಬಂಡವಾಳ ಹಾಕಿದರು. ಅದೇ ವರ್ಷ ಬಂದ ನೆರೆ ಅವರ ಬೆಳೆಯನ್ನು ಕೊಚ್ಚಿಕೊಂಡು ಹೋಯಿತು, ಶಾಲೆಯೂ ಹೆಚ್ಚು ದಿನ ಉಳಿಯಲಿಲ್ಲ.

ನಾಯಕರು ಒಗ್ಗಟ್ಟಾಗಿದ್ದರೆಂದು ಹೇಳಲಾರೆ. ಹವಾಯಿಯಲ್ಲಿ ರಾಜತಂತ್ರದ ದಾರಿ ಹಿಡಿದ ಸಿಂಗ್ಮನ್ ರೀ ಮತ್ತು ಸೈನ್ಯ ಕಟ್ಟಬೇಕೆಂದ ಪಾಕ್ ಯಾಂಗ್‌ಮನ್ ನಡುವಿನ ವೈಮನಸ್ಯ ಸಮುದಾಯವನ್ನೇ ಸೀಳಿತು. ರಾಜತಂತ್ರವೋ ಸೈನ್ಯವೋ ಎಂಬ ಅವರ ಚರ್ಚೆಗೆ ಇತಿಹಾಸದಲ್ಲಿ ಸಾಕಷ್ಟು ಜಾಗ ಸಿಕ್ಕಿದೆ. ವಂತಿಗೆ ಕೊಟ್ಟವರಿಗೆ ಅಷ್ಟು ಸಿಕ್ಕಿಲ್ಲ ಎಂಬುದು ನನ್ನ ದೂರು. ಕೊರಿಯಾದಿಂದ ಮದುವೆಯಾಗಿ ಬಂದು ತೋಟದಲ್ಲಿ ದುಡಿಯುತ್ತಲೇ 1919ರಲ್ಲಿ ಹವಾಯಿಯಲ್ಲಿ ನೆರವಿನ ಸಂಘ ಕಟ್ಟಿ ನಿಧಿ ಸಂಗ್ರಹಿಸಿದ ಹೆಂಗಸರ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಜಪಾನೀಯರಾಗಲು ಈ ವಲಸಿಗರು ಒಪ್ಪಲಿಲ್ಲ, ಕೊರಿಯಾ ಎಂಬ ರಾಜ್ಯ ಭೂಪಟದಲ್ಲಿರಲಿಲ್ಲ, ವಲಸೆ ಬಂದ ಏಷ್ಯನ್ನರಿಗೆ ಪೌರತ್ವ ಕೊಡಲು ಅಮೆರಿಕದ ಕಾನೂನು ಬಿಡುತ್ತಿರಲಿಲ್ಲ. ಆ ತಡೆ ಕೊರಿಯನ್ನರ ಪಾಲಿಗೆ ತೆರವಾದದ್ದು 1952ರಲ್ಲಿ. ಕಬ್ಬಿನ ತೋಟಕ್ಕೆ ಮೊದಲು ಕಾಲಿಟ್ಟವರಲ್ಲಿ ಅಷ್ಟರೊಳಗೆ ಎಷ್ಟೋ ಮಂದಿ ಮಣ್ಣಾಗಿದ್ದರು.