"ಪಾಪ" ಅಂತ ಬರೆದ ಪುಟಗಳು

ಈ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಬರೆದಿರುವುದು ಕಾಣುತ್ತಿದೆಯಾ? "ಪಾಪ" ಅಂತ. ಓದುವಾಗ ಅವನನ್ನು ನೋಡಿ ಅಯ್ಯೋ ಅನ್ನಿಸಿದ ಕಡೆಯೆಲ್ಲ ಹಾಗೆ ಬರೆಯುತ್ತಾ ಹೋದೆ. ಅರ್ಧ ಪುಸ್ತಕ ಮುಗಿಯುವಷ್ಟರಲ್ಲಿ 20ಕ್ಕೂ ಜಾಸ್ತಿ ಸಲ ಬರೆದಿದ್ದೆ.

ಅವನು ಅಂದರೆ ಕೊರಿಯೊಲೇನಸ್ ಸ್ನೋ. ಹಂಗರ್ ಗೇಮ್ಸ್ ಓದಿದವರಿಗೆ ಆ ಹೆಸರು ಗೊತ್ತೇ ಇರುತ್ತದೆ, ಮಕ್ಕಳನ್ನು ಅಖಾಡಕ್ಕೆ ಬಿಟ್ಟು ಒಬ್ಬರನ್ನೊಬ್ಬರು ಕೊಲ್ಲುವುದನ್ನು ದೇಶಕ್ಕೆಲ್ಲ ಟೀವಿಯಲ್ಲಿ ತೋರಿಸುವ ಆ ಅಧ್ಯಕ್ಷ, ಮೈಯಿಂದ ಗುಲಾಬಿ ಮತ್ತು ರಕ್ತದ ವಾಸನೆ ಬರುವ ಮುದುಕ. ಸೂಜನ್ ಕಾಲಿನ್ಸ್ 2020ರಲ್ಲಿ ಅವನ ಹರೆಯದ ಕಥೆ ಬರೆದರು. 'ದಿ ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಅಂಡ್ ಸ್ನೇಕ್ಸ್'. ಮೊದಲ ಪುಸ್ತಕದ ಕಥೆಗಿಂತ 64 ವರ್ಷ ಹಿಂದೆ ನಡೆಯುತ್ತದೆ, 10ನೇ ಹಂಗರ್ ಗೇಮ್ಸ್ ಹೊತ್ತಿಗೆ, ಅವನಿಗೆ 18 ವರ್ಷ. ಇವತ್ತು ಕಥೆಯ ಕೊನೆಯನ್ನೂ ಹೇಳಿಬಿಡುತ್ತೇನೆ. ಓದಬೇಕು ಅಂತಿರುವವರು ಇಲ್ಲೇ ನಿಲ್ಲಿಸಿ, ಓದಿ ಬನ್ನಿ.

ಶುರುವಾಗುವುದೇ ಎಲೆಕೋಸಿನಿಂದ. ಕುದಿಯುವ ನೀರಿಗೆ ಒಂದು ಹಿಡಿ ಎಲೆಕೋಸು ಹಾಕುತ್ತಾ, ಒಂದು ದಿನ ಇದನ್ನು ಬಾಯಿಗೇ ಇಡುವುದಿಲ್ಲ ಅಂದುಕೊಳ್ಳುತ್ತಾನೆ. ದೊಡ್ಡ ಮನೆತನ, ಒಳಗೆ ಊಟಕ್ಕೆ ಗತಿ ಇಲ್ಲ. ಯುದ್ಧದಲ್ಲಿ ಅಪ್ಪ ಸತ್ತಿದ್ದಾನೆ, ಹೆರಿಗೆಯಲ್ಲಿ ಅಮ್ಮ ಹೋಗಿದ್ದಾಳೆ, ಮಗುವೂ ಉಳಿದಿಲ್ಲ. ಮನೆಯಲ್ಲಿ ಉಳಿದವರು ಅಜ್ಜಿ ಮತ್ತು ಟೈಗ್ರಿಸ್ ಅನ್ನುವ ಅಕ್ಕ, ಒಡಹುಟ್ಟಿದವಳಲ್ಲ, ಆದರೆ ಒಟ್ಟಿಗೆ ಬೆಳೆದವಳು. ಅವನು ಶಾಲೆಯ ಸಮಾರಂಭಕ್ಕೆ ಹೋಗಬೇಕು, ಒಳ್ಳೆಯ ಅಂಗಿ ಇಲ್ಲ. ಹಳೆಯ ಅಂಗಿಯನ್ನೇ ಅವಳು ಸರಿಮಾಡಿ, ಬಚ್ಚಲುಮನೆಯ ಟೈಲ್ಸ್ ಚೂರುಗಳಿಂದ ಗುಂಡಿ ಮಾಡಿ ಹೊಲಿದು ಕೊಡುತ್ತಾಳೆ. ನನ್ನ ಮೊದಲ "ಪಾಪ" ಇರುವುದು ಆ ಗುಂಡಿಗಳ ಪಕ್ಕದಲ್ಲಿ.

ಎರಡನೆಯದು ಇನ್ನೂ ಕಷ್ಟದ್ದು. ಆ ಯುದ್ಧದಲ್ಲಿ ರಾಜಧಾನಿಗೆ ಮುತ್ತಿಗೆ ಬಿದ್ದ ದಿನಗಳಲ್ಲಿ, ಇನ್ನೂ ಚಿಕ್ಕ ಹುಡುಗ, ಬೀದಿಯಲ್ಲಿ ಸತ್ತುಬಿದ್ದ ಕೆಲಸದಾಕೆಯ ಕಾಲನ್ನು ನೆರೆಯವನು ಕತ್ತರಿಸಿಕೊಂಡು ಹೋಗುವುದನ್ನು ಕಣ್ಣಾರೆ ನೋಡುತ್ತಾನೆ. ತಿನ್ನುವುದಕ್ಕೆ. ಇಷ್ಟೆಲ್ಲ ನೋಡಿದ ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ ಹೇಳಿ?

ಆಮೇಲೆ ಲೂಸಿ ಗ್ರೇ ಬರುತ್ತಾಳೆ. ರಾಜಧಾನಿಯ ಹಿಡಿತದಲ್ಲಿರುವ ಪ್ರಾಂತ್ಯಗಳಲ್ಲೊಂದಾದ 12ನೇ ಡಿಸ್ಟ್ರಿಕ್ಟ್‌ನ ಹಾಡುಗಾರ್ತಿ, ಅಖಾಡದಲ್ಲಿ ಸಾಯಲು ಆರಿಸಿದ ಹುಡುಗಿ. ಅವಳಿಗೆ ದಾರಿ ತೋರಿಸುವ ಕೆಲಸ ಇವನದು. ಆ ಮಕ್ಕಳನ್ನೆಲ್ಲ ಜಾನುವಾರು ಸಾಗಿಸುವ ರೈಲು ಡಬ್ಬಿಯಲ್ಲಿ ತಂದು, ಮೃಗಾಲಯದಲ್ಲಿ ಕೋತಿಗಳ ಬೋನಿಗೆ ಹಾಕುತ್ತಾರೆ, ಜನ ಬಂದು ನೋಡುತ್ತಾರೆ. ಇವನು ಅವಳಿಗೆ ತಿನ್ನಲು ತರುತ್ತಾನೆ. ಅಮ್ಮನ ಬೆಳ್ಳಿಯ ಪೌಡರ್ ಡಬ್ಬಿ ಕೊಡುತ್ತಾನೆ, ಇಲಿ ಪಾಷಾಣ ಅಡಗಿಸಿಕೊಳ್ಳಲಿ ಅಂತ. ಅಖಾಡಕ್ಕೆ ಬಿಡಲು ಲ್ಯಾಬಿನಲ್ಲಿ ಸಾಕಿದ ಬಣ್ಣಬಣ್ಣದ ಹಾವುಗಳಿವೆ, ಪರಿಚಯದ ವಾಸನೆ ಇದ್ದರೆ ಅವು ಕಚ್ಚುವುದಿಲ್ಲ. ಅವಳ ವಾಸನೆ ಇರುವ ಕರ್ಚೀಫನ್ನು ಗುಟ್ಟಾಗಿ ಆ ತೊಟ್ಟಿಗೆ ಹಾಕುತ್ತಾನೆ. ನಾನಂತೂ ಅವನು ಸಿಕ್ಕಿಬೀಳದೇ ಇರಲಿ ಅಂತ ಉಸಿರು ಹಿಡಿದು ಓದಿದೆ. ಪ್ರೀತಿಗೋಸ್ಕರ ಮಾಡಿದನಾ, ಗೆದ್ದರೆ ಬರುವ ಓದಿನ ದುಡ್ಡಿಗೋಸ್ಕರನಾ? ಎರಡೂ ಇದೆ.

ಎರಡನೇ ಸಲ ಓದುವಾಗ ಬೇರೆಯದೇ ಕಾಣಿಸಿತು. ಮೊದಲ ಮೂರು ಪುಸ್ತಕಗಳಲ್ಲಿ ನಾಯಕಿ ಕ್ಯಾಟ್ನಿಸ್ "ನಾನು" ಅಂತ ಕಥೆ ಹೇಳುತ್ತಾಳೆ. ಇಲ್ಲಿ "ಅವನು" ಅಂತ ಇದೆ, ಆದರೂ ನಾವು ಪೂರ್ತಿ ಅವನ ತಲೆಯೊಳಗೇ ಕೂತಿರುತ್ತೇವೆ, ಅವನು ತನಗೆ ತಾನೇ ಹೇಳಿಕೊಳ್ಳುವ ಸಮಾಧಾನವೆಲ್ಲ ನಮ್ಮದೇ ಯೋಚನೆ ಅನ್ನಿಸುವಷ್ಟು ಹತ್ತಿರದಲ್ಲಿ. ಲೂಸಿ ಗ್ರೇ ತನ್ನ ಹಳೆಯ ಪ್ರೇಮದ ಬಗ್ಗೆ ಹಾಡಿದರೆ ಇವನಿಗೆ ಉರಿ. ತನ್ನ ಹುಡುಗಿ, ತನಗೆ ಸೇರಿದವಳು, ಅವಳು ಹಾಗೆ ಹಾಡುವುದು ಹೇಗೆ ಅಂತ. ಮೊದಲ ಸಲ ಅಲ್ಲೂ ನಾನು "ಪಾಪ" ಅಂತ ಬರೆದಿದ್ದೆ!

ನನ್ನ ಪೆನ್ಸಿಲ್ ನಿಂತಿದ್ದು ಸಿಜೇನಸ್ ಹತ್ತಿರ. ಸಿಜೇನಸ್ ಪ್ಲಿಂತ್, ಇವನನ್ನು ಅಣ್ಣತಮ್ಮನ ಹಾಗೆ ನಂಬಿದ ಗೆಳೆಯ. ಲೂಸಿ ಗ್ರೇ ಗೆಲ್ಲುತ್ತಾಳೆ, ಆದರೆ ಇವನ ಮೋಸ ಸಿಕ್ಕಿಬಿದ್ದು ಶಿಕ್ಷೆಯಾಗಿ ಸಿಪಾಯಿ ಆಗಬೇಕಾಗುತ್ತದೆ. ಇಬ್ಬರೂ 12ನೇ ಡಿಸ್ಟ್ರಿಕ್ಟ್‌ನಲ್ಲಿ ಸಿಪಾಯಿಗಳಾಗಿದ್ದಾಗ, ಬಂಡಾಯದವರ ಜೊತೆ ಓಡಿಹೋಗುವ ಯೋಜನೆಯನ್ನು ಅವನು ನಂಬಿಕೆಯಿಂದ ಹೇಳಿಕೊಳ್ಳುತ್ತಾನೆ. ಪಕ್ಕದಲ್ಲೇ ಪಂಜರದಲ್ಲಿ ಜಬ್ಬರ್‌ಜೇ ಹಕ್ಕಿ, ಕೇಳಿದ ಮಾತನ್ನು ಹಾಗೇ ತಿರುಗಿ ಹೇಳುವಂತೆ ಲ್ಯಾಬಿನಲ್ಲಿ ಹುಟ್ಟಿಸಿದ್ದು. ಇವನ ಕೈಯಲ್ಲಿ ರಿಮೋಟ್. ರೆಕಾರ್ಡ್ ಬಟನ್ ಒತ್ತುತ್ತಾನೆ, ಹಕ್ಕಿ ರಾಜಧಾನಿಗೆ ಹೋಗುತ್ತದೆ. ಸಿಜೇನಸ್‌ನನ್ನು ಗಲ್ಲಿಗೇರಿಸುತ್ತಾರೆ. ಅವನು ಅಮ್ಮನನ್ನು ಕರೆದ ಕೂಗನ್ನು ಮರದ ಮೇಲಿನ ಹಕ್ಕಿಗಳು ಮತ್ತೆ ಮತ್ತೆ ಕೂಗುತ್ತವೆ. ಆ ಪುಟ ಓದಿ ಪುಸ್ತಕ ಮುಚ್ಚಿಟ್ಟೆ, ಎರಡು ದಿನ ಮುಟ್ಟಲಿಲ್ಲ.

ಆ ಎರಡು ದಿನ ರನ್ನನ ದುರ್ಯೋಧನ ನೆನಪಾಗುತ್ತಲೇ ಇದ್ದ. ಸಾವಿರ ವರ್ಷದ ಹಿಂದೆಯೇ ಖಳನಿಗಾಗಿ ನಮ್ಮ ಕಣ್ಣಲ್ಲಿ ನೀರು ತರಿಸಿದ ಕವಿ ಅಲ್ವಾ. ಅಲ್ಲಿ ದುರ್ಯೋಧನ ರಣರಂಗದಲ್ಲಿ ಕರ್ಣನ ಹೆಣದ ಮುಂದೆ ಕರಗಿಹೋಗುತ್ತಾನೆ, ಗೆಳೆಯನಿಲ್ಲದೆ ತನಗೆ ರಾಜ್ಯ ಯಾಕೆ ಅನ್ನುವಷ್ಟು. ಸ್ನೋಗೂ ಸಂಕಟ ಆಗುತ್ತದೆ, ಆಗುವುದಿಲ್ಲ ಅಂತಲ್ಲ, ಆದರೆ ಅದರ ಜೊತೆಗೇ ತನ್ನ ಕೊರಳು ಉಳಿಯುತ್ತದಾ ಅನ್ನುವ ಲೆಕ್ಕವೂ ನಡೆಯುತ್ತಿರುತ್ತದೆ.

ಕೊನೆಗೆ ಲೂಸಿ ಗ್ರೇ ಜೊತೆ ಕಾಡಿಗೆ ಓಡಿಹೋಗುವಾಗ ಬಾಯಿತಪ್ಪಿ ಹೇಳುತ್ತಾನೆ, ಮೂವರನ್ನು ಕೊಂದಿದ್ದು ಸಾಕು ಅಂತ. ಅವಳಿಗೆ ಗೊತ್ತಿರುವುದು ಇಬ್ಬರು. ಮೂರನೆಯವರು ಯಾರು ಅಂತ ಕೇಳುತ್ತಾಳೆ. ನನ್ನ ಹಳೆಯ ನಾನು, ಅನ್ನುತ್ತಾನೆ. ಎಷ್ಟು ಚೆಂದದ ಸುಳ್ಳು, ಮೊದಲ ಸಲ ನಾನೂ ಅರೆಕ್ಷಣ ನಂಬಿಬಿಟ್ಟೆ. ಅವಳು ನಂಬಲಿಲ್ಲ. ಗೆಡ್ಡೆ ಅಗೆದು ತರುತ್ತೇನೆ ಅಂತ ಹೋದವಳು ತಿರುಗಿ ಬರುವುದಿಲ್ಲ, ಇವನು ಬಂದೂಕು ಹಿಡಿದು ಹುಡುಕುತ್ತಾನೆ, ಮರಗಳ ಕಡೆ ಗುಂಡು ಹಾರಿಸುತ್ತಾನೆ. ಅವಳು ಬದುಕಿದಳಾ, ಸತ್ತಳಾ, ಕಾಲಿನ್ಸ್ ಹೇಳುವುದೇ ಇಲ್ಲ.

ಊರಿಗೆ ವಾಪಸ್ ಬಂದ ಮೇಲೆ ಸಿಜೇನಸ್‌ನ ಅಪ್ಪ ಅಮ್ಮ ಇವನನ್ನೇ ವಾರಸುದಾರ ಮಾಡಿಕೊಳ್ಳುತ್ತಾರೆ. ಅವರಿಗೆ ಏನೂ ಗೊತ್ತಿಲ್ಲ. ಮಗನ ಜೊತೆ ಇವನಿಗೂ ತಿಂಡಿ ಮಾಡಿ ಕಳಿಸುತ್ತಿದ್ದ ತಾಯಿ ಅವಳು. ಆ ಪುಟದಲ್ಲಿ ಮತ್ತೆ "ಪಾಪ" ಅಂತ ಬರೆದಿದ್ದೇನೆ, ಅವಳ ಹೆಸರಿನ ಪಕ್ಕದಲ್ಲಿ.

ಈಗ ಮೇಜಿನ ಮೇಲೆ ಇರುವುದು ಮೊದಲ ಮೂರರಲ್ಲಿ ಕೊನೆಯದು, 2010ರ 'ಮಾಕಿಂಗ್‌ಜೇ'. ಅದರಲ್ಲಿ ಟೈಗ್ರಿಸ್ ಮುದುಕಿ ಆಗಿದ್ದಾಳೆ, ಹುಲಿಯ ಹಾಗೆ ಮುಖ ಮಾಡಿಸಿಕೊಂಡಿದ್ದಾಳೆ, ಸ್ನೋನನ್ನು ಕೊಲ್ಲಲು ಬಂದ ಕ್ಯಾಟ್ನಿಸ್‌ಗೆ ತನ್ನ ಅಂಗಡಿಯ ನೆಲಮಾಳಿಗೆಯಲ್ಲಿ ಜಾಗ ಕೊಡುತ್ತಾಳೆ. ಹಿಂದೆ ಓದಿದಾಗ ಸುಮ್ನೆ ದಾಟಿಕೊಂಡು ಹೋಗಿದ್ದೆ. ಅವನ ಅಂಗಿಗೆ ಗುಂಡಿ ಹೊಲಿದವಳು ಇವಳೇ ಅಂತ ಆಗ ಗೊತ್ತಿರಲಿಲ್ಲ. ಇವತ್ತು ರಾತ್ರಿ ಆ ಭಾಗ ಮತ್ತೆ ಓದುತ್ತೇನೆ.